ಅಸಲಿ ಮೇಲ್

ಬೋಳುತಲೆಯ ಮ್ಯಾನೇಜರರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಒಂದು ಮೇಲ್ ಬಂತು: 'ತಲೆ ಮೈದಾನವಾಗಿದೆಯೇ? ನಮ್ಮ ಎಣ್ಣೆ ಹಚ್ಚಿ, ಕಾಡು ಬೆಳೆಸಿ!' ಕಳಿಸಿದವರ ಜಾಗದಲ್ಲಿದ್ದದ್ದು ಅವರದೇ ಕೊಡೆ ಕಾರ್ಖಾನೆಯ ಉಗ್ರಾಣಿಯ ವಿಳಾಸ.

ಉಗ್ರಾಣಿ ಕೆಲಸಕ್ಕೆ ಬರುವಷ್ಟರಲ್ಲಿ ಆಫೀಸು ಕಲ್ಲು ಬಿದ್ದ ಜೇನುಗೂಡಾಗಿತ್ತು. ಅದೇ ಎಣ್ಣೆಯ ಮೇಲ್ ಎಲ್ಲರಿಗೂ ಬಂದಿತ್ತು.

"ನನ್ನ ಜಡೆ ನೋಡಿಯೂ ಹೀಗೆ ಬರೆಯೋಕೆ ಮನಸ್ಸಾದ್ರೂ ಹೇಗೆ ಬಂತು?" ಟೈಪಿಸ್ಟ್ ಅಕ್ಕ ಮುಖ ಊದಿಸಿಕೊಂಡರು.

"ಅಣ್ಣಾ, ನನಗೊಂದು ಸೀಸೆ ಎತ್ತಿಟ್ಟಿರು," ಎಂದ ಕ್ಯಾಷಿಯರ್.

"ನಾನು ಕಳಿಸಿಲ್ಲ ಮಾರಾಯಾ!"

ಮ್ಯಾನೇಜರರು ನಂಬಲಿಲ್ಲ. ಉಗ್ರಾಣಿ ಎಲ್ಲರೆದುರು ಕ್ಷಮೆ ಕೇಳಬೇಕೆಂದು ಇಡೀ ಆಫೀಸಿಗೇ ಮೇಲ್ ಹಾಕಿದರು.

"ಮಾಡದ ತಪ್ಪಿಗೆ ಕ್ಷಮೆಯಾ? ಈ ಜನ್ಮದಲ್ಲಿ ಆಗಲ್ಲ!" ಉಗ್ರಾಣಿ ಮೇಜು ಗುದ್ದಿದ. ಕೈ ಜುಮ್ಮೆಂದಿತು, ತೋರಿಸಿಕೊಳ್ಳಲಿಲ್ಲ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿಯ ಬಳಿಗೆ ದಾಪುಗಾಲು ಹಾಕಿದ.

"ಲಕೋಟೆ ಮೇಲೆ ಯಾರ ಹೆಸರು ಬೇಕಾದ್ರೂ ಬರೀಬಹುದಲ್ವಾ ಸಾರ್? ಇದೂ ಹಾಗೇ," ಎಂದಳು ಅವಳು. "ನಮ್ಮ ಮೇಲ್‌ಗಳಿಗೆಲ್ಲ ಗುಟ್ಟಿನ ಮುದ್ರೆ ಬೀಳೋ ಹಾಗೆ ಮಾಡಿದ್ರೆ, ಮುದ್ರೆ ಇಲ್ಲದ್ದು ಬಾಗಿಲಲ್ಲೇ ವಾಪಸ್. ಮ್ಯಾನೇಜರ್‌ಗೆ ಎಷ್ಟೋ ಸಲ ಹೇಳಿದೆ, ಕಿವಿಗೇ ಹಾಕ್ಕೊಳ್ಳಲ್ಲ."

"ನಾನು ಹಾಕಿಸ್ತೀನಿ ಬಾಮ್ಮಾ!"

ಉಗ್ರಾಣಿ ಮ್ಯಾನೇಜರರ ಕೋಣೆಯ ಬಾಗಿಲಿಗೆ ಅಡ್ಡ ನಿಂತ. "ನೀವು ಒಪ್ಪೋವರೆಗೂ ನಾನು ಅಲ್ಲಾಡಲ್ಲ ಸಾರ್." ಮ್ಯಾನೇಜರರು ಗದರಿದರು, ಬೆದರಿಸಿದರು. ಕೊನೆಗೆ ಶೌಚಾಲಯದ ಅವಸರ ತಡೆಯಲಾರದೆ ಒಪ್ಪಿಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಮುದ್ರೆ ಜಾರಿಗೆ ಬಂತು. ಎಣ್ಣೆಯ ಮೇಲ್‌ಗಳು ಒಂದರ ಹಿಂದೊಂದು ಹೊಸ್ತಿಲಲ್ಲೇ ಮುಗ್ಗರಿಸತೊಡಗಿದವು. ಎಲ್ಲರೂ ಪರದೆಯ ಮುಂದೆ ಸೇರಿದರು. ಉಗ್ರಾಣಿಯ ಎದೆ ಬಿಚ್ಚಿದ ಕೊಡೆಯಂತೆ ಹಿಗ್ಗಿತು.

ಸಂಜೆ ಮ್ಯಾನೇಜರರೇ ಹೊರಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ತಪ್ಪಾಯ್ತು ಕಣಯ್ಯಾ. ಆ ಕಳ್ಳ ಎಂಥ ಪೋಕರಿ ನೋಡು! ಈಗಷ್ಟೇ ನಿನ್ನ ಹೆಸರಲ್ಲಿ ಎಲ್ಲರಿಗೂ ಇನ್ನೊಂದು ಬಿಟ್ಟಿದ್ದಾನೆ: 'ಮ್ಯಾನೇಜರರ ತಲೆ ಹೊರಗೆ ಹೇಗೋ ಒಳಗೂ ಹಾಗೇ.'"

ಅದನ್ನು ಉಗ್ರಾಣಿಯೇ ಗೆದ್ದ ಹುಮ್ಮಸ್ಸಿನಲ್ಲಿ ಕ್ಯಾಷಿಯರನೊಬ್ಬನಿಗೇ ಎಂದು ಬರೆದಿದ್ದ. ಯಾವ ಗುಂಡಿ ಒತ್ತಿದ್ದನೋ!

"ಅದೂ... ನಕಲಿಯೇ ಸಾರ್."

"ಅಲ್ಲ ಸಾರ್," ಹುಡುಗಿ ಹೆಮ್ಮೆಯಿಂದ ಪರದೆ ತಿರುಗಿಸಿದಳು. "ಮುದ್ರೆ ನೋಡಿ. ನೂರಕ್ಕೆ ನೂರು ಅಸಲಿ!"

ಮ್ಯಾನೇಜರರ ಬೋಳುತಲೆ ನೆತ್ತಿಯವರೆಗೂ ಕೆಂಪೇರಿತು.

"ಈಗಲಾದ್ರೂ ಕ್ಷಮೆ ಕೇಳ್ತೀಯೋ, ಇಲ್ವೋ?"

ಉಗ್ರಾಣಿ ಗದ್ದ ಮೇಲೆತ್ತಿದ.

"ಬರೆದದ್ದು ನಾನೇ ಸಾರ್. ಅದರಲ್ಲಿ ಸುಳ್ಳೇನಿದೆ ಹೇಳಿ, ಕ್ಷಮೆ ಕೇಳ್ತೀನಿ."