ಬೆರಳ ಗಂಟಿನ ಸುದ್ದಿಗಾರರು

ನನ್ನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಸುದ್ದಿ ನಿಲ್ಲುವುದಿಲ್ಲ. ಇದು ಊರಿಗೇ ಗೊತ್ತಿರುವ ಸಂಗತಿ. ಯಾಕೆಂದರೆ ನಾನೇ ಹೇಳಿದ್ದೇನೆ. ಸಾಲಿಗ್ರಾಮದ ಬಸ್ ನಿಲ್ದಾಣದ ಎದುರು ನನ್ನದೊಂದು ಪಾತ್ರೆ ಅಂಗಡಿ. ಬಸ್ಸಿಗೆ ಕಾಯುವವರು ನೆರಳಿಗೆಂದು ಒಳಗೆ ಬರುತ್ತಾರೆ, ಒಂದೆರಡು ಚಮಚ ಮುಟ್ಟಿ ನೋಡುತ್ತಾರೆ, ನಾನು ಹೇಳಿದ್ದನ್ನು ಹೊತ್ತುಕೊಂಡು ಹೋಗುತ್ತಾರೆ. ಬಡಗಿನ ಬಸ್ಸಿನಲ್ಲಿ ಕುಂದಾಪುರ, ಬೈಂದೂರಿಗೆ. ತೆಂಕಿನ ಬಸ್ಸಿನಲ್ಲಿ ಬ್ರಹ್ಮಾವರಕ್ಕೆ. ಪಾತ್ರೆಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಹೀಗಿರುವಾಗ ಹೆಂಡತಿ ಜಲಜಾಕ್ಷಿಯ ಬೆರಳ ಗಂಟುಗಳು ಬಾತುಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ತನ್ನ ಜಡೆ ತಾನು ಹೆಣೆದುಕೊಳ್ಳಲಾಗದೆ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟ ದಿನ ನನಗೆ ನಿಜಕ್ಕೂ ಅಳು ಬಂತು. ನಾನು ಹೆಣೆದ ಜಡೆ ನೋಡಿ ಅವಳಿಗೂ ಬಂತು. "ಹ್ವಾಯ್, ಇದನ್ನ್ ಯಾರಿಗೂ ಹೇಳ್ಬೇಡಿ" ಎಂದಳು. ಜಡೆಯ ವಿಷಯ ನಾನು ಯಾರಿಗೂ ಹೇಳಲಿಲ್ಲ. ಕೈಯ ವಿಷಯ ಮಾತ್ರ ಹೇಳಿದೆ.

ನಮ್ಮ ಕಡೆ ಹುಷಾರಿಲ್ಲದವರನ್ನು ಕಾಣಲು ಹೋಗದಿದ್ದರೆ ಮರ್ಯಾದೆಯಲ್ಲ. ಬಂದವರನ್ನು ಉಣ್ಣಿಸದೆ ಕಳಿಸಿದರೂ ಮರ್ಯಾದೆಯಲ್ಲ. ಅಮಾಸೆಬೈಲಿನ ಚಿಕ್ಕಮ್ಮ ಎಣ್ಣೆ ಶೀಶೆ ಹಿಡಿದು ಬಂದರು, ಬ್ರಹ್ಮಾವರದ ನಾದಿನಿ ಬಿಸ್ಕತ್ತು ತಂದಳು. ಪಾಪ, ಎಲ್ಲರೂ ಪ್ರೀತಿಯಿಂದಲೇ ಆ ಬಾತ ಕೈಯನ್ನು ಗಟ್ಟಿಯಾಗಿ ಒತ್ತಿದರು. "ಎಂತಾಯ್ತ್ ಹೆಣ್ಣೆ? ನೀ ಎಂತದೂ ಮಾಡುದ್ ಬ್ಯಾಡ" ಎನ್ನುತ್ತಾ ಚಿಕ್ಕಮ್ಮ ಊಟದ ಹೊತ್ತಿನವರೆಗೂ ಕುಳಿತರು. ಜಲಜಾಕ್ಷಿ ಅದೇ ಕೈಯಲ್ಲಿ ಹೆರೆಮಣೆಯ ಮೇಲೆ ಕುಳಿತು ತೆಂಗಿನಕಾಯಿ ತುರಿದಳು. ನಾನು ತುರಿಯುತ್ತೇನೆಂದು ಹೋದರೆ, ನೆಂಟರೆದುರು ಬೇಡವೆಂದು ಕಣ್ಣಲ್ಲೇ ಗದರಿದಳು.

ಕಡೆಗೆ ಕುಂದಾಪುರದ ಡಾಕ್ಟರಮ್ಮನ ಹತ್ತಿರ ಹೋದೆವು. ಇದು ರುಮಟಾಯ್ಡ್ ಸಂಧಿವಾತ ಎಂದರು. ಮೈಯನ್ನು ಕಾಯಬೇಕಾದ ಕಣಗಳೇ ಗಂಟಿನಲ್ಲಿ ಶತ್ರು ಇದ್ದಾನೆಂದು ಭ್ರಮಿಸಿ, ಸೈಟೊಕೈನ್ ಎಂಬ ಸುದ್ದಿಗಾರರನ್ನು ಬಿಡುತ್ತವಂತೆ. ಸುದ್ದಿ ಕೇಳಿ ಸಹಾಯಕ್ಕೆ ಓಡಿ ಬಂದ ಕಣಗಳು ಅಲ್ಲೇ ಠಿಕಾಣಿ ಹೂಡಿ, ತಾವೂ ಸುದ್ದಿ ಹಬ್ಬಿಸಿ, ಇನ್ನಷ್ಟು ಜನರನ್ನು ಕರೆಸುತ್ತವಂತೆ. ಗಂಟಿನ ಒಳಪೊರೆ ಊದಿಕೊಂಡು ಮೆಲ್ಲಗೆ ಮೂಳೆಯನ್ನೇ ತಿನ್ನುತ್ತದಂತೆ. "ಶತ್ರು ಬರ್ಲೇ ಇಲ್ಲೆ, ಸುದ್ದಿ ಮಾತ್ರ ಊರೆಲ್ಲ ಹೋತ್ತ್. ಹೀಂಗೇ ಬಿಟ್ರೆ ಬೆರಳ್ ಸೊಟ್ಟ ಆತ್ತ್, ಮತ್ತೆ ನೇರ ಮಾಡುಕ್ ಆತಿಲ್ಲೆ" ಎಂದರು ಡಾಕ್ಟರಮ್ಮ. 

ಜಲಜಾಕ್ಷಿ ಮೆಲ್ಲಗೆ ನನ್ನ ಕಡೆ ತಿರುಗಿದಳು. "ಡಾಕ್ಟ್ರೆ, ಆ ಸುದ್ದಿಗಾರ್ರನ್ನ್ ನಿಲ್ಸುಕೆ ಮದ್ದಿತ್ತಾ?"

"ಇತ್ತ್ ಅಮ್ಮ, ಕೊಡ್ತೆ."

"ಮನಿಯಲ್ಲಿ ಇಪ್ಪ ಸುದ್ದಿಗಾರ್ರಿಗೆ?"

ಅದಕ್ಕಿನ್ನೂ ಕಂಡುಹಿಡಿದಿಲ್ಲ ಎಂದು ಅವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮೊದಲು ಮಾತ್ರೆ, ಅದು ಸಾಲದೆ ಆಮೇಲೆ ಸುದ್ದಿಗಾರರನ್ನು ದಾರಿಯಲ್ಲೇ ಹಿಡಿದು ಹಾಕುವ ಇಂಜೆಕ್ಷನ್ ಶುರುವಾಯಿತು. ನನಗೆ ಮದ್ದಿಲ್ಲದ್ದರಿಂದ ಪಥ್ಯ ಮಾಡಿದೆ. ಅಂಗಡಿಯಲ್ಲಿ ಯಾರು ಕೇಳಿದರೂ "ಹುಷಾರಿತ್ತ್", ಅಂದರೆ ಹುಷಾರಾಗಿದ್ದಾಳೆ, ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ. ಆ ಒಂದು ಶಬ್ದದಲ್ಲಿ ನಿಲ್ಲುವುದು ಎಷ್ಟು ಕಷ್ಟವೆಂದು ನನಗೇ ಗೊತ್ತು. ಚಿಕ್ಕಮ್ಮನ ಎಣ್ಣೆ ಬಾಗಿಲ ತಿರುಗಣಿಗೆ ಹೋಯಿತು, ತೆಂಗಿನಕಾಯಿ ನನ್ನ ಪಾಲಿಗೆ ಬಂತು.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಹೋದರೆ, ಜಲಜಾಕ್ಷಿ ಕನ್ನಡಿಯೆದುರು ಕುಳಿತು ತಾನೇ ಜಡೆ ಹೆಣೆಯುತ್ತಿದ್ದಳು. ನಿಧಾನ, ಸ್ವಲ್ಪ ಸಡಿಲ, ಆದರೆ ಬೆರಳುಗಳು ನೆಟ್ಟಗಿದ್ದವು. ನನ್ನ ಕಣ್ಣು ತುಂಬಿದ್ದನ್ನು ಕನ್ನಡಿಯಲ್ಲಿ ಕಂಡು, "ಯಾರಿಗೂ ಹೇಳ್ಬೇಡಿ, ಮತ್ತೆ ಎಲ್ರೂ ಕಾಂಬುಕ್ ಬತ್ರ್" ಎಂದಳು.

ಆ ದಿನ ಬಡಗಿಗೂ ತೆಂಕಿಗೂ ಎಷ್ಟೋ ಬಸ್ಸು ಹೋದವು. ಬಾಯಿ ತುರಿಸುತ್ತಿದ್ದರೂ ಒಬ್ಬರಿಗೂ ಹೇಳಲಿಲ್ಲ. ನಿಮಗೆ ಮಾತ್ರ ಹೇಳಿದ್ದೇನೆ. ಓದಿ ಸುಮ್ಮನಿದ್ದುಬಿಡಿ. ಕಾಣಲು ಬರಲೇಬೇಕೆಂದಿದ್ದರೆ ದಯವಿಟ್ಟು ಊಟ ಮುಗಿಸಿಕೊಂಡೇ ಬನ್ನಿ. ಈಗ ಹೆರೆಮಣೆಯ ಮೇಲೆ ಕೂರುವವನು ನಾನು.