ಕನಕಾಂಬರ ಬಣ್ಣದ ಕಾಗದ

ನಮ್ಮ ಚಿಕ್ಕಪ್ಪನ ಜೊತೆ ಹೊರಟವರು ಹೇಳಿದ ಊರಿಗೆ ಹೇಳಿದ ಹೊತ್ತಿಗೆ ತಲುಪಿದ್ದನ್ನು ನಾನಂತೂ ಕಾಣೆ. ದಾರಿಯಲ್ಲಿ ಒಂದು ಪುಸ್ತಕದಂಗಡಿಯೋ ಫ್ಯಾನ್ಸಿ ಸ್ಟೋರೋ ಕಂಡರೆ ಮುಗಿಯಿತು, ಹಿಂದೆ ಕೂತವರಿಂದ ನನ್ನ ಬೆನ್ನಿಗೆ ಎರಡು ಗುದ್ದು ಬೀಳುತ್ತದೆ. "ಲೇ, ನಿಲ್ಸೋ ನಿಲ್ಸೋ! ಅಲ್ಲೇನೋ ಬಣ್ಣದ ಕಾಗದ ನೇತಾಡ್ತಿದೆ!" ಬೈಕು ನನ್ನದು, ಪೆಟ್ರೋಲು ನನ್ನದು, ಬೆನ್ನೂ ನನ್ನದೇ. ಯಾರಿಗೆ ಹೇಳೋಣ?

ತಮಾಷೆ ಏನೆಂದರೆ, ಈ ಮನುಷ್ಯ ಮೂವತ್ತು ವರ್ಷ ಮುಳಬಾಗಿಲಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ಕಾಗದ ಕಂಡರೆ ಉರಿದುಬೀಳುತ್ತಿದ್ದರು. "ಸಾಕಪ್ಪಾ ಇದರ ಸಹವಾಸ" ಎಂದು ಮನೆಗೆ ಬಂದ ದಿನಪತ್ರಿಕೆಯನ್ನೂ ಬಿಡಿಸುತ್ತಿರಲಿಲ್ಲ. ನಿವೃತ್ತರಾದರು ನೋಡಿ, ಮನೆಯಲ್ಲಿ ಈಗ ಕಾಗದ ಬಿಟ್ಟು ಇನ್ನೇನೂ ಇಲ್ಲ! ಮಂಚದ ಕೆಳಗೆ ಕಾಗದ, ಅಟ್ಟದ ಮೇಲೆ ಕಾಗದ. ಒಮ್ಮೆ ಮುದ್ದೆಗೆ ಎಸರಿಟ್ಟು ಚಿಕ್ಕಮ್ಮ ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರೆ ಕೈಗೆ ಬಂದದ್ದು ಹಸಿರು ಕ್ರೇಪ್ ಕಾಗದದ ಸುರುಳಿ. "ಇದನ್ನೇ ಕುದಿಸಿ ಹಾಕ್ತೀನಿ, ಉಣ್ಣಿ" ಎಂದರಂತೆ.

ಈ ಹುಚ್ಚು ಹಿಡಿದದ್ದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ಚಿಕ್ಕಮ್ಮನಿಗೆ ಹೂವೆಂದರೆ ಪ್ರಾಣ, ಅದರಲ್ಲೂ ಕನಕಾಂಬರ. ಆದರೆ ಹದಿನಾಲ್ಕು ವರ್ಷದ ಹಿಂದೆ ಹೂವು ಅವರಿಗೆ ಒಗ್ಗದಾಯಿತು. ಒಂದು ಮೊಳ ಮುಡಿದರೆ ಸಾಕು, ಕತ್ತಿನ ತುಂಬ ದದ್ದು, ಮೇಲೆ ನಿಲ್ಲದ ಸೀನು, ಅದರ ಬೆನ್ನಿಗೇ ಉಬ್ಬಸ. ಮಲ್ಲಿಗೆಗಾದರೆ ವಾಸನೆ ಇದೆ, ಬಯ್ಯಬಹುದು. ಪಾಪದ ಕನಕಾಂಬರ ಏನು ಮಾಡಿತ್ತು? ಕೋಲಾರದ ಡಾಕ್ಟರು ಮಾತ್ರ ಯಾವ ಹೂವನ್ನೂ ಬಿಡಲಿಲ್ಲ. "ತಲೆಗೆ ಹೂವು ಬೇಡವೇ ಬೇಡಮ್ಮ" ಎಂದುಬಿಟ್ಟರು. ಸುತ್ತಲೂ ಹೂವು ಬೆಳೆಯುವ ಸೀಮೆಯಲ್ಲಿದ್ದುಕೊಂಡು ಚಿಕ್ಕಮ್ಮ ಅರಿಶಿನ ಕುಂಕುಮಕ್ಕೆ ಹೋದರೂ ಹೂವಿನ ತಟ್ಟೆ ಹತ್ತಿರ ಬರುತ್ತಿದ್ದ ಹಾಗೆ ಏನೋ ನೆಪ ಹೇಳಿ ಎದ್ದುಬಿಡುತ್ತಿದ್ದರು. ಪ್ಲಾಸ್ಟಿಕ್ ಹೂವು ತಂದುಕೊಟ್ಟವರಿಗೆ, "ಅದು ಗೋಡೆಗೆ ಹಾಕೋದು ಕಣೇ, ತಲೆಗಲ್ಲ" ಎಂದು ವಾಪಸ್ಸು ಕೊಟ್ಟರು.

ಹೀಗಿರುವಾಗ ಮಗಳಿಗೆ, ಅಂದರೆ ನನ್ನ ತಂಗಿಗೆ, ಮಾಲೂರಿನಲ್ಲಿ ಗಂಡು ಗೊತ್ತಾಯಿತು. ಎಲ್ಲರೂ ಸಂತೋಷದಲ್ಲಿದ್ದಾಗ ಚಿಕ್ಕಮ್ಮ ಅಡುಗೆಮನೆಯಲ್ಲಿ ಒಂದೇ ಒಂದು ಮಾತು ಹೇಳಿದರು. "ಮಗಳ ಧಾರೆಗೆ ಬರೀ ಮುಡೀಲಿ ಹೆಂಗೆ ನಿಂತ್ಕೊಳ್ಳೋದು ಅಂತಾನೇ ನಂಗೆ ಯೋಚ್ನೆ." ಚಿಕ್ಕಪ್ಪ ಕೇಳಿಸಿಕೊಂಡರು. ಅಲ್ಲಿಯವರೆಗೆ ಹೊತ್ತು ಹೋಗಲೆಂದು ಕಾಗದದ ನವಿಲು, ಕಾಗದದ ತೋರಣ ಮಾಡುತ್ತಿದ್ದ ಮನುಷ್ಯ ಅವತ್ತೇ ಶಪಥ ಮಾಡಿಬಿಟ್ಟರು: ಧಾರೆಯ ಹೊತ್ತಿಗೆ ಹೆಂಡತಿಯ ಮುಡಿಗೆ ಕಾಗದದ ಕನಕಾಂಬರ! ನೋಡಿದವರಿಗೆ ನಿಜವಾದ ಹೂವೇ ಅನ್ನಿಸಬೇಕು. ಅದಕ್ಕೆ ಸರಿಯಾದ ಬಣ್ಣದ ಕಾಗದ ಬೇಕು. ಶಪಥ ಅವರದು, ಬೆನ್ನು ನನ್ನದು.

ಮೊದಲು ಶ್ರೀನಿವಾಸಪುರ. ಮಾವಿನ ಕಾಲ. "ಮಂಡಿಯಿಂದ ಒಂದು ಬಾಕ್ಸ್ ಒಳ್ಳೇ ಹಣ್ಣು ತಗೊಂಡ್ಬನ್ನಿ" ಎಂದು ಚಿಕ್ಕಮ್ಮ ಇಬ್ಬರನ್ನೂ ಕಳಿಸಿದರು. ಅಲ್ಲೊಬ್ಬ ವ್ಯಾಪಾರಿ ದೂರದೂರಿಗೆ ಕಳಿಸುವ ಹಣ್ಣನ್ನು ಒಂದೊಂದಾಗಿ ತೆಳು ಕಾಗದದಲ್ಲಿ ಸುತ್ತಿಸುತ್ತಿದ್ದ. ಚಿಕ್ಕಪ್ಪ ನಿಂತಲ್ಲೇ ನಿಂತರು. ಹಳದಿಗೂ ಕೆಂಪಿಗೂ ನಡುವಿನ ಬಣ್ಣ! ಎರಡು ಗಂಟೆ ಅವನ ಜೊತೆ ಮಾತಾಡಿ ಒಂದು ಕಟ್ಟು ಕಾಗದ ಗಿಟ್ಟಿಸಿದರು. ಮನೆಗೆ ಬಂದು ಬಿಸಿಲಲ್ಲಿ ಹಿಡಿದರೆ ಅದು ಬರೀ ಅರಿಶಿನ. ಚಿಕ್ಕಮ್ಮ ಚೀಲ ಕೊಡವಿ ನೋಡಿ, "ಹಣ್ಣೆಲ್ರೀ?" ಎಂದರು.

ಆಮೇಲೆ ಕೋಲಾರ. ನೆಂಟರ ಮದುವೆ. ಕರೆಯೋಲೆಯ ಅಂಚು ಕನಕಾಂಬರಕ್ಕೆ ತೀರಾ ಹತ್ತಿರವಿತ್ತು, ಅದೇ ನೋಡಿ ಎಡವಟ್ಟಾದದ್ದು! ಮದುವೆಯ ದಿನ ಚಿಕ್ಕಮ್ಮ ಓಲೆ ತೆಗೆದರೆ ಅರ್ಧವೇ ಇಲ್ಲ. ಅರಿಶಿನ ಹಚ್ಚಿದ ಒಂದು ಮೂಲೆ, ಗಣಪತಿ, "ಕಲ್ಯಾಣ ಮಂಟಪ, ಕೋಲಾರ" ಇಷ್ಟು ಉಳಿದಿತ್ತು. ಮಂಟಪದ ಹೆಸರೇ ಕತ್ತರಿ ಪಾಲು!

"ಕೋಲಾರದಲ್ಲಿ ಎಷ್ಟು ಮಂಟಪ ಇವೆ, ಗೊತ್ತೇನ್ರೀ?"

"ಹೋಗೋಣ ಬಾರೇ. ವಾಲಗ ಕೇಳಿಸಿದ ಕಡೆ ನುಗ್ಗೋದು."

ನುಗ್ಗಿದೆವು. ಅಕ್ಷತೆ ಹಾಕಿ, ಉಡುಗೊರೆ ಕೊಟ್ಟು, ಫೋಟೋಕ್ಕೂ ನಿಂತೆವು. ಹೋಳಿಗೆ ಎರಡನೇ ಸಲ ಬಡಿಸುವಾಗ ಪಕ್ಕದವರು "ನೀವು ಗಂಡಿನ ಕಡೆಯವರಾ?" ಎಂದರು. ಚಿಕ್ಕಪ್ಪ ಠೀವಿಯಿಂದ "ಇಲ್ಲ, ಹೆಣ್ಣಿನ ಕಡೆ" ಎಂದರು. "ಹೆಣ್ಣಿನ ತಂದೆ ನಾನೇ ಸ್ವಾಮಿ" ಎಂದರು ಅವರು! ಪುಣ್ಯಾತ್ಮರು, "ಬಂದಿದ್ದೀರಿ, ಪಾಯಸ ಹಾಕಿಸ್ಕೊಳ್ಳಿ" ಎಂದು ಕೂರಿಸಿಕೊಂಡರು. ಚಿಕ್ಕಮ್ಮ ಮಾತ್ರ ಒಂದು ವಾರ ಚಿಕ್ಕಪ್ಪನ ಜೊತೆ ಮಾತಾಡಲಿಲ್ಲ.

ರಾಯಲ್ಪಾಡಿಗೆ ಒಂದು ಗೃಹಪ್ರವೇಶಕ್ಕೆ ಹೋದಾಗಲೂ ಅಷ್ಟೇ. ಆಂಧ್ರದ ಗಡಿ ಕೂಗಳತೆಯಲ್ಲಿದೆ, ಅಂಗಡಿಯವನ ಮಾತು ತೆಲುಗು. ಚಿಕ್ಕಪ್ಪನೂ ತೆಲುಗಿನಲ್ಲೇ ಶುರುಮಾಡಿದರು.

"ಕನಕಾಂಬರಂ ರಂಗು ಕಾಗಿತಂ ಉಂದಾ ಅಪ್ಪಾ?"

"ಪೂಲು ಕಾವಾಲಂಟೇ ಸಂತಕಿ ಪೋ ಸಾಮಿ." ಹೂವು ಬೇಕಾದರೆ ಸಂತೆಗೆ ಹೋಗಿ ಎಂದ.

ಬಿಡುತ್ತಾರೆಯೇ? ಅಂಗಡಿಯಲ್ಲಿದ್ದ ಕೇಸರಿ ಬಣ್ಣದ ಹಾಳೆಗಳನ್ನೆಲ್ಲ ಕೆಳಗೆ ತೆಗೆಸಿದರು. ಒಂದೊಂದನ್ನೇ ಬೆಳಕಿಗೆ ಹಿಡಿದು ತೀರ್ಪು ಕೊಟ್ಟರು. "ಇದು ಟೊಮೆಟೊ. ಇದು ಕಿತ್ತಳೆ. ಇದು ಸ್ವಾತಂತ್ರ್ಯೋತ್ಸವದ ಬಾವುಟ." ಸುಸ್ತಾದ ಅಂಗಡಿಯವನು ಒಂದು ಮಸುಕು ಹಾಳೆ ಎತ್ತಿ, ಈಗ ಕನ್ನಡದಲ್ಲಿ, "ಬಾಡಿದ ಕನಕಾಂಬರ ಅಂದ್ಕೊಂಡ್ಬಿಡಿ ಸಾರ್" ಎಂದ. ಚಿಕ್ಕಪ್ಪನಿಗೆ ಎಲ್ಲಿತ್ತೋ ಕೋಪ. "ಹದಿನಾಲ್ಕು ವರ್ಷದ ಮೇಲೆ ಹೂ ಮುಡೀತಾಳಪ್ಪ ನನ್ನ ಹೆಂಡ್ತಿ. ಬಾಡಿದ್ದು ಕೊಡ್ಲಾ?" ಅವನು ಟೀ ತರಿಸಿಕೊಟ್ಟ.

ಕೊನೆಗೆ ಕಾಗದ ಸಿಕ್ಕಿದ್ದು ಎಲ್ಲಿ ಅಂತೀರಿ? ಮಾಲೂರಿನ ಬೀಗರ ಮನೆಯಲ್ಲಿ, ನನ್ನ ತಂಗಿಯ ನಿಶ್ಚಿತಾರ್ಥದಲ್ಲಿ! ಲಗ್ನಪತ್ರಿಕೆ ಓದಿಯಾಯಿತು. ಬೀಗರು ಕೈ ಮುಗಿದು, "ಹೆಣ್ಣಿನ ಕಡೆಯವರು ಏನಾದ್ರೂ ಕೇಳೋದಿದ್ರೆ ಸಂಕೋಚ ಬೇಡ, ಈಗ್ಲೇ ಕೇಳಿ" ಎಂದರು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ನನ್ನ ತಂಗಿಯ ಮುಖ ಬಿಳಚಿಕೊಂಡಿತು.

"ಕೇಳೋದಿದೆ. ಆ ಕೊಬ್ಬರಿ ಗಿಟುಕಿಗೆ ಸುತ್ತಿದ್ದೀರಲ್ಲ, ಆ ಕಾಗದ ಇನ್ನೂ ಇದೆಯಾ?"

ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬೀಗಿತ್ತಿಯೇ ಕೈಯಾರೆ ಸುತ್ತಿದ್ದ ಕಾಗದವಂತೆ. ವಿಷಯ ತಿಳಿದದ್ದೇ ಆಕೆ ಒಳಗೆ ಹೋಗಿ ಉಳಿದ ಇಡೀ ಸುರುಳಿ ತಂದು, ವೀಳ್ಯದೆಲೆಯ ಮೇಲಿಟ್ಟು ಕೊಟ್ಟರು. ಕ್ರೇಪ್ ಕಾಗದ, ಈಗ ಕಿತ್ತ ಕನಕಾಂಬರದ ಬಣ್ಣ. ವರನ ಕಡೆಯಿಂದ ಇಷ್ಟು ಸಂತೋಷವಾಗಿ ಏನನ್ನಾದರೂ ತೆಗೆದುಕೊಂಡ ಹೆಣ್ಣಿನ ತಂದೆಯನ್ನು ನಾನು ನೋಡಿಲ್ಲ.

ಕೆಲಸ ಶುರುವಾಯಿತು. ಮೊದಲ ಹೂವು ದಾಸವಾಳದಷ್ಟಿತ್ತು. ಎರಡು ವಾರದಲ್ಲಿ ಬೆರಳು ಪಳಗಿ, ತೆಳ್ಳಗಿನ ದೇಟು, ಮೇಲೆ ಪುಟ್ಟ ಎಸಳು, ಥೇಟ್ ಕನಕಾಂಬರವೇ ಆಯಿತು. ಆದರೆ ಕಟ್ಟಲು ಬರಬೇಕಲ್ಲ? ಚಿಕ್ಕಪ್ಪ ಗಂಟು ಹಾಕಿದ್ದು ಗೋಣಿಚೀಲದ ಬಾಯಿ ಕಟ್ಟಿದಂತಿತ್ತು. ದೂರದಿಂದ ನೋಡುತ್ತಿದ್ದ ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಕೊಡಿ ಇಲ್ಲಿ, ನಿಮ್ಮ ತಲೆ" ಎಂದು ದಾರ ಕಿತ್ತುಕೊಂಡು ಕೂತರು. ಬೆರಳು ಒಂದೂ ಮರೆತಿರಲಿಲ್ಲ. ಎರಡು ಮೊಳ ಕಟ್ಟಿ ಮುಗಿಸಿ ಅಭ್ಯಾಸ ಬಲದಿಂದ ನೀರು ಚಿಮುಕಿಸಲು ಹೋದರು. "ಅಯ್ಯಯ್ಯೋ, ಕಾಗದ ಕಣೇ!" ಎಂದು ಚಿಕ್ಕಪ್ಪ ಅಡ್ಡ ಬಂದರು.

ಮದುವೆ ಮರುವರ್ಷದ ಮೇ ತಿಂಗಳು. ಚಿಕ್ಕಮ್ಮ ಕೆನೆಬಣ್ಣದ ರೇಷ್ಮೆ ರವಿಕೆ ತೊಟ್ಟು, ತುಂಬು ಕನಕಾಂಬರ ಮುಡಿದು ಧಾರೆಗೆ ನಿಂತರು. ಯಾರಿಗೂ ಗುಮಾನಿ ಬರಲಿಲ್ಲ. ಒಬ್ಬರಂತೂ "ಹೂವು ಎಲ್ಲಿ ತರಿಸಿದ್ರಿ?" ಎಂದು ಕೇಳಿದರು. ಆದರೆ ನೀರು ಚಿಮುಕಿಸಬಾರದೆಂದು ಗೊತ್ತಿದ್ದ ಚಿಕ್ಕಪ್ಪನಿಗೆ ಒಂದು ಹೊಳೆದಿರಲಿಲ್ಲ. ಹೋಮದ ಎದುರು ಮನುಷ್ಯರು ಬೆವರುತ್ತಾರೆ! ಧಾರೆ ಮುಗಿಯುವಷ್ಟರಲ್ಲಿ ಕಾಗದದ ಬಣ್ಣ ಬಿಟ್ಟುಕೊಂಡು ಚಿಕ್ಕಮ್ಮನ ಕತ್ತು, ರವಿಕೆಯ ಬೆನ್ನು ಎಲ್ಲ ಕೇಸರಿ. ಹಿಂದೆ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

ಚಿಕ್ಕಪ್ಪ ನೋಡಿದರು. ಅಷ್ಟು ಇಳಿದುಹೋದ ಮುಖವನ್ನು ನಾನು ಮತ್ತೆ ನೋಡಿಲ್ಲ. ಕರ್ಚೀಫು ಒದ್ದೆ ಮಾಡಿಕೊಂಡು ಓಡಿ ಬಂದರು. "ತಪ್ಪಾಯ್ತು ಕಣೇ. ತಿರುಗು, ಒರೆಸ್ಬಿಡ್ತೀನಿ."

ಚಿಕ್ಕಮ್ಮ ಕತ್ತು ಮುಟ್ಟಿ ಬೆರಳು ನೋಡಿಕೊಂಡರು. ಆಮೇಲೆ ಅವರ ಕೈ ಹಿಡಿದುಕೊಂಡರು. "ಮುಟ್ಬೇಡಿ, ಇರ್ಲಿ. ನಾನು ಹೂ ಮುಡ್ದಿದ್ದೆ ಅನ್ನೋದಕ್ಕೆ ಒಂದು ಗುರುತು ಬೇಡ್ವೇನ್ರೀ?" ನನಗೆ ಅಳು ಬಂತು, ಹೋಮದ ಹೊಗೆಯ ಮೇಲೆ ಹಾಕಿದೆ.

ಆ ರವಿಕೆ ಇವತ್ತಿಗೂ ನೀರು ಕಂಡಿಲ್ಲ, ಬೀರುವಿನಲ್ಲಿದೆ. ಚಿಕ್ಕಪ್ಪ ಈಗ ಬಣ್ಣ ಬಿಡದ ಕನಕಾಂಬರದ ಕಾಗದ ಹುಡುಕುತ್ತಿದ್ದಾರೆ. ಹೋದ ಭಾನುವಾರ ಬೈಕು ತೆಗೆಯುತ್ತಿದ್ದೆ. ಅವರು ಚೀಲ ತರಲು ಒಳಗೆ ಹೋದದ್ದೇ ತಡ, ಚಿಕ್ಕಮ್ಮ ಹೊಸಿಲು ದಾಟಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದು ಸಿಗದೇ ಇರೋ ಅಂಗಡಿಗೇ ಕರ್ಕೊಂಡು ಹೋಗೋ."