ಕ್ಯಾತಪ್ಪನ ಎತ್ತಿನ ನೆರಳು

ಕ್ಯಾತೆ ಎಂಬುದು ಅಟ್ಟದ ಮೇಲಿಡುವ ಸಾಮಾನು ಎಂದು ಗೌರೀಶ ಚಿಕ್ಕವನಿದ್ದಾಗ ನಂಬಿದ್ದ. "ಮುತ್ಯಾ ಮತ್ತ ಕ್ಯಾತಿ ತಗದ" ಎಂದು ಮನೆಯವರು ಅಜ್ಜನ ಮೇಲೆ ಗೊಣಗಿದಾಗೆಲ್ಲ, ತೆಗೆದದ್ದನ್ನು ಎಲ್ಲಿಟ್ಟರೆಂದು ಅಟ್ಟ ಹತ್ತಿ ಹುಡುಕುತ್ತಿದ್ದ. ಸಿಕ್ಕಿದ್ದು ಒಂದು ಹಳೆಯ ಲಾಟೀನು, ಮತ್ತು (ಅಟ್ಟ ಹತ್ತಿದ್ದಕ್ಕೆ) ಬೆನ್ನಿಗೆರಡು ಏಟು. ಈಗ ಯರಗಟ್ಟಿಯ ಒಂದು ವಿಮಾ ಕಚೇರಿಯಲ್ಲಿ ಜನರ ಅರ್ಜಿಗಳಲ್ಲಿ ತಪ್ಪು ಹುಡುಕುವುದೇ ಅವನ ನೌಕರಿ. ಅಂದರೆ, ಕ್ಯಾತೆ ತೆಗೆಯಲು ಸಂಬಳ!

ಮದುವೆಯಾದ ಮೇಲೆ ಮೊದಲ ಸಲ ಮಾವ ಅಂದಾನೆಪ್ಪ ದೊಡವಾಡದಿಂದ ಊಟಕ್ಕೆ ಬಂದಿದ್ದರು. ಹೆಂಡತಿ ಶಿವಾನಿ ನಸುಕಿನಲ್ಲೆದ್ದು ಹೋಳಿಗೆ ಮಾಡಿ, ಅಪ್ಪನ ತಾಟನ್ನು ಗಿಡ್ಡ ಕಾಲಿನ ಅಡ್ಡಣಿಗೆಯ ಮೇಲೇರಿಸಿದ್ದಳು. (ಗಂಡನ ತಾಟು ನೆಲದ ಮೇಲೆ.)

"ಅಡ್ಡಣಿಗಿ ಅಳ್ಳಾಡಾಕ ಹತ್ತೈತಿ," ಎಂದರು ಮಾವ.

ಗೌರೀಶ ಕಾಗದ ಮಡಚಿ ಅದರ ಕಾಲಿನಡಿ ಇಟ್ಟ.

"ಈಗ ಆ ಕಡೆ ವಾಲೇತಿ. ಕಟ್ಟಿನ ಸಾರು ತುಪ್ಪದ ಮ್ಯಾಲೆ ದಂಡೆತ್ತಿ ಹೊಂಟೈತಿ."

"ಮಾವಾರ, ಕ್ಯಾತಿ ತಗೀಬ್ಯಾಡ್ರಿ." ಬಾಯಿ ಜಾರಿಬಿಟ್ಟಿತು.

ಮಾವ ತಾಟು ಸರಿಸಿದರು. "ಕ್ಯಾತಿ ಅಂದ್ರೇನ್ರಿ ಅಳಿಯಂದ್ರ? ಎಲ್ಲಿಂದ ಬಂತು ಆ ಮಾತು? ಮೊದಲ ಹೇಳ್ರಿ, ಆಮ್ಯಾಲ ಊಟ."

"ಸಣ್ಣದಕ್ಕ ತಕರಾರ ಮಾಡೂದ್ರಿ. ಎಲ್ಲಿಂದ ಬಂತೋ ಗೊತ್ತಿಲ್ಲ."

"ನನಗ ಗೊತ್ತೈತಿ. ನಮ್ಮೂರಾಗ ಹಿಂದ ಕ್ಯಾತಪ್ಪ ಅಂತ ಒಬ್ಬಾವಿದ್ದ. ಸಂತ್ಯಾಗ ಕೊಂಡ ಎತ್ತಿನ ನೆರಳು ಸೊಟ್ಟೈತಿ ಅಂತ ತಿರುಗಿ ಕೊಟ್ಟ ಬಂದ. ಅವನಿಂದ ಬಂತು ಕ್ಯಾತಿ."

ಇಲ್ಲಿ ಸುಮ್ಮನಿದ್ದಿದ್ದರೆ ಗೌರೀಶ ಬದುಕುತ್ತಿದ್ದ. ಆದರೆ ಮೈಯೊಳಗೆ ಕಚೇರಿ ಹೊಕ್ಕಿತ್ತು. "ಮುಂಜಾನಿ ನೆರಳೋ, ಸಂಜೀದೋ? ನೆಲ ಸಪಾಟ ಇತ್ತೇನ್ರಿ? ಕಣ್ಣಾರೆ ಕಂಡಾವ್ರು ಯಾರು?"

"ನಮ್ಮೂರ ಮಂದಿ ಸುಳ್ಳ ಹೇಳ್ತಾರೇನು?" ಮಾವ ಎದ್ದು ಟೊಪ್ಪಿಗೆ ಏರಿಸಿದರು.

ಶಿವಾನಿ ಹೋಳಿಗೆಯ ಬುಟ್ಟಿ ಕುಕ್ಕಿದಳು. "ರೀ, ಅಪ್ಪ ಉಪಾಸ ಹೋದ್ರ ನಾನೂ ಅದ ಬಸ್ಸಿಗೆ."

ಗೌರೀಶನ ಪಾಂಡಿತ್ಯ ತಕ್ಷಣ ಶರಣಾಯಿತು. "ಒಪ್ಪಿದೆರೀ ಮಾವಾರ. ಕ್ಯಾತಪ್ಪ ಖರೆ, ಎತ್ತು ಖರೆ, ನೆರಳೂ ಸೊಟ್ಟನ!"

ಮಾವನ ಮುಖ ಇನ್ನಷ್ಟು ಬಾಡಿತು. "ಇಷ್ಟ ಲಗೂ ಒಪ್ಪಿದ್ರ ಹೆಂಗ್ರಿ? ಬ್ಯಾಡ, ನಾ ಹೊಂಟೆ."

ವಾದಿಸಿದರೂ ಉಪವಾಸ, ಒಪ್ಪಿದರೂ ಉಪವಾಸ! ಗೌರೀಶನಿಗೆ ರೇಗಿತು. "ಹೆಣ್ಣ ನೋಡಾಕ ಬಂದಾಗ, ನಿಮ್ಮನಿ ಗಡಿಯಾರ ಮುಂದ ಓಡಾಕ ಹತ್ತೈತಿ ಅಂತ ಚಾ ಆರೂ ತನಕ ಜಗ್ಗಾಡಿದ್ದೆ. ಎಂಥಾವ ಅಂತ ಅವತ್ತ ಗೊತ್ತಾಗಿತ್ತಲ್ರಿ? ಮತ್ತ ಮಗಳನ್ನ ಯಾಕ ಕೊಟ್ರಿ?"

ಅಂದಾನೆಪ್ಪ ಟೊಪ್ಪಿಗೆ ತೆಗೆದಿಟ್ಟು, ಚಕ್ಕಳ ಮಕ್ಕಳ ಹಾಕಿ ಕುಳಿತು, ತಾಟು ಎಳೆದುಕೊಂಡರು.

"ನಮ್ಮನ್ಯಾಗ ನಾ ಏನಂದ್ರೂ ಎಲ್ಲಾರೂ ಹೂಂ ಅಂತಾರ. ಬಾಯಿ ತುಕ್ಕ ಹಿಡದಿತ್ತು. ಮಗಳಿಗಲ್ಲರಿ ಅಳಿಯಂದ್ರ, ನಿಮ್ಮನ್ನ ನಾ ನನಗಂತ ಹುಡುಕಿದ್ದು."